ಕತ್ತರಿ ಮುಟ್ಟದ ಗುಲಾಬಿ

ಮಾವನವರ ಕೈಗೆ ಸುತ್ತಮುತ್ತಲ ಬೀದಿಗಳಲ್ಲೆಲ್ಲ ಒಳ್ಳೆಯ ಹೆಸರಿತ್ತು. ಮೂವತ್ತೆಂಟು ವರ್ಷದಿಂದ ಅದೇ ಸಲೂನು, ಅವೇ ಎರಡು ಕುರ್ಚಿ. ಎಂಥ ಹಟಮಾರಿ ಕೂದಲೂ ಅವರ ಕತ್ತರಿಗೆ ಸೊಲ್ಲೆತ್ತದೆ ಬಗ್ಗುತ್ತಿತ್ತು. ಆದರೆ ಸಲೂನಿಗೂ ಹಿಂದಿನ ಮನೆಗೂ ನಡುವಿನ ಅಂಗಳದಲ್ಲಿ, ಹಳೆಯ ಡ್ರಮ್ಮಿನಲ್ಲಿ ಬೆಳೆದಿದ್ದ ಗುಲಾಬಿ ಗಿಡವನ್ನು ಮಾತ್ರ ನಾಲ್ಕು ವರ್ಷದಿಂದ ಯಾವ ಕತ್ತರಿಯೂ ಮುಟ್ಟಿರಲಿಲ್ಲ. ಅದು ತೀರಿಕೊಂಡ ಅತ್ತೆ ನೆಟ್ಟದ್ದು. ಮಾವ ನೀರು ಹಾಕುವರು, ಹಳದಿ ಎಲೆ ಆಯುವರು. ಒಂದು ಕಡ್ಡಿ ಕತ್ತರಿಸೋಣವೆಂದರೆ ಮಾತ್ರ ಮುಖ ತಿರುಗಿಸಿಕೊಂಡು ಅಂಗಡಿ ಸೇರುವರು.

ಸೊಸೆ ಈ ಮನೆಗೆ ಬಂದದ್ದು ಮಳೆಗಾಲದಲ್ಲಿ. ಒಂದು ಮಾತಾಡಲು ಹತ್ತು ಸಲ ಯೋಚಿಸುವ ಹುಡುಗಿ. ಗಂಡ ಬಸ್ಸು ಓಡಿಸಲು ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ಮಾವನೊಂದಿಗಿನ ಮಾತು "ಊಟಕ್ಕೆ ಬನ್ನಿ" ಎಂಬಲ್ಲಿಗೆ ಮುಗಿಯುತ್ತಿತ್ತು. ಬೇಜಾರು ಕಳೆಯಲೆಂದು ಅವಳು ಸಲೂನಿನಿಂದ ಕಿತ್ತು ಹಾಕಿದ್ದ ಒಡೆದ ಸಿಂಕಿಗೆ ಮಣ್ಣು ತುಂಬಿ ಪುದೀನ ಊರಿದಳು. ಮಾವ ಬಂದು ನೋಡಿ ಹೋದರು. ಮಾರನೆಯ ಬೆಳಗ್ಗೆ ಅಂಗಳದ ಮೆಟ್ಟಿಲ ಮೇಲೆ, ತಳಕ್ಕೆ ತೂತು ಹೊಡೆದ ನಾಲ್ಕು ಪೌಡರ್ ಡಬ್ಬಗಳು ಸಾಲಾಗಿ ಕೂತಿದ್ದವು.

ಚಳಿ ಬರುವಷ್ಟರಲ್ಲಿ ಆ ಡಬ್ಬಗಳಲ್ಲಿ ಚೆಂಡುಹೂವು ಅರಳಿ ಮೆಟ್ಟಿಲು ಹಳದಿಯೋ ಹಳದಿ. ಗುಲಾಬಿ ಮಾತ್ರ ತುದಿಯಿಂದ ಕಪ್ಪಾಗತೊಡಗಿತು. ಮೊದಲು ಒಂದು ಕಡ್ಡಿ, ಆಮೇಲೆ ಮೂರು. ನರ್ಸರಿಯವನನ್ನು ಕೇಳಿದರೆ, "ಕಪ್ಪಾಗಿರೋದನ್ನೆಲ್ಲ ಕತ್ತರಿಸಿ ತಾಯಿ, ಬೇಸಿಗೆ ಬಿಸಿಲು ಏರೋದ್ರೊಳಗೆ. ಬುಡಕ್ಕೆ ಇಳೀತೋ, ಗಿಡದ ಆಸೆ ಬಿಟ್ಟುಬಿಡಿ" ಎಂದ. ಗಂಡ ಕೈ ಮುಗಿದುಬಿಟ್ಟ: "ಅಪ್ಪನ ಹತ್ರ ಆ ಗಿಡದ ಸುದ್ದಿ ನಾನಂತೂ ಎತ್ತಲ್ಲಪ್ಪ!"

ಎತ್ತಬೇಕೆಂದು ಅವಳು ಮೂರು ದಿನ ಹೆಣಗಿದಳು. "ಮಾವ, ಆ ಗುಲಾಬಿ..." ಎನ್ನುವಳು. "ಏನಮ್ಮಾ?" ಎಂದು ಅವರು ತಲೆ ಎತ್ತಿದರೆ ಮಾತು ಬದಲಿಸುವಳು. "ಎಲೆ ಉದುರಿದೆ." "ಹೂಂ, ಚಳಿಗೆ ಉದುರುತ್ತೆ." ಅಲ್ಲಿಗೆ ಮುಗಿಯಿತು.

ನಾಲ್ಕನೆಯ ದಿನ ಮಾವ ಅಂಗಡಿಯಲ್ಲಿದ್ದಾಗ, ಹಾಲಿನ ಪ್ಯಾಕೆಟ್ಟು ಕತ್ತರಿಸುವ ಕತ್ತರಿ ಹಿಡಿದು ಅಂಗಳಕ್ಕೆ ಬಂದಳು. ತೀರಾ ಕಪ್ಪಾಗಿದ್ದ ಕಡ್ಡಿಯನ್ನು ಒತ್ತಿ, ತಿರುಚಿ, ಜಗಿದಂತೆ ಮಾಡಿ ಅಂತೂ ಮುರಿದಳು. ಅಷ್ಟರಲ್ಲಿ ಕೈ ತೊಳೆಯಲೆಂದು ಮಾವ ನಲ್ಲಿಯ ಬಳಿ ಬಂದರು. ಬಂದವರು ಅಲ್ಲೇ ನಿಂತರು.

"ಯಾವುದ್ರಲ್ಲಿ ಕತ್ತರಿಸ್ದೆ?"

"ತಪ್ಪಾಯ್ತು ಮಾವ. ಕಪ್ಪು ಕೆಳಗಿಳೀತಾ ಇತ್ತು. ಬಿಟ್ರೆ ಗಿಡಾನೇ ಹೋಗುತ್ತಂತೆ..."

"ಯಾವುದ್ರಲ್ಲಿ ಅಂದೆ."

"ಹಾಲಿನ ಪ್ಯಾಕೆಟ್ಟಿನ ಕತ್ತರೀಲಿ."

ಅವಳು ಬೈಗುಳಕ್ಕೆ ಸಿದ್ಧಳಾಗಿ ಕಣ್ಣು ಮುಚ್ಚಿದಳು. "ಇಲಿ ಕಡಿದ ಹಾಗಿದೆಯಲ್ಲೇ ತಾಯಿ!" ಎಂದರು ಮಾವ, ಕಡ್ಡಿಯ ತುದಿಗೆ ಬಗ್ಗಿ. "ಸಿಪ್ಪೆ ನೋಡು, ಹೇಗೆ ಸುಲಿದಿದೆ. ಮೇಲೆ ತಟ್ಟೆ ಥರ ಮಾಡಿದೀಯ, ನೀರು ನಿಂತು ಕೊಳೆಯಲ್ವಾ? ನನ್ನ ಅಂಗಡಿ ಹಿಂದೆ ಇಂಥ ಕಟಿಂಗು ನೋಡಿದ್ರೆ ಜನ ಏನಂತಾರೆ?"

ಒಳಗೆ ಹೋಗಿ ಕ್ಷೌರದ ಕತ್ತಿ ತಂದರು. ಆ ಹರಕು ತುದಿಯನ್ನು ಓರೆಯಾಗಿ, ಒಂದೇ ಎಳೆತಕ್ಕೆ ತೆಗೆದರು. ಕೊಯ್ದ ಜಾಗದ ನಡುವೆ ಕಂದು ಚುಕ್ಕಿ ಕಂಡಿತು. ಮಾವ ಅದನ್ನು ಹೆಬ್ಬೆರಳಿನಿಂದ ಸವರಿ, "ಎಲ್ಲೀವರೆಗೆ ಹೋಗಿದೆಯಂತೆ ಇದು?" ಎಂದು ಮೆಲ್ಲಗೆ ಕೇಳಿದರು.

"ಒಳಗೆ ಬೆಳ್ಳಗೆ ಸಿಗೋವರೆಗೂ ಕತ್ತರಿಸ್ಬೇಕಂತೆ ಮಾವ. ಹೊರಗಡೆ ಮುಖ ಮಾಡಿರೋ ಚಿಗುರಿನ ಕಣ್ಣಿನ ಮೇಲೆ. ಇಲ್ಲಿ."

ಅವಳು ಬೆರಳಿಟ್ಟಲ್ಲಿ ಅವರು ಕತ್ತಿ ಇಟ್ಟರು. ಅಷ್ಟರಲ್ಲಿ, ಸಲೂನಿನ ಕುರ್ಚಿಯಲ್ಲಿ ಕಾದಿದ್ದ ಎದುರು ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೇ ಅಂಗಳಕ್ಕೆ ಬಂದರು. "ಏನ್ರೀ, ಅರ್ಧ ತಲೆ ಮುಗಿಸಿ ಮಾಯ ಆದ್ರಲ್ಲ!"

"ಸುಮ್ನಿರಿ ಮೇಷ್ಟ್ರೇ. ಇವರದು ನಿಮಗಿಂತ ಅರ್ಜೆಂಟು."

ದಪ್ಪ ಕಡ್ಡಿಗಳಿಗೆ ಕತ್ತಿ ಸಾಲದಾಯಿತು. ಮೇಷ್ಟ್ರು ಅದೇ ಅರ್ಧ ತಲೆಯಲ್ಲಿ ಬೀದಿ ದಾಟಿ, ತಮ್ಮ ಮನೆಯಿಂದ ಬೇಲಿ ಕತ್ತರಿಸುವ ದೊಡ್ಡ ಕತ್ತರಿ ತಂದುಕೊಟ್ಟರು. ಕೊನೆಗೆ ಉಳಿದದ್ದು, ಅತ್ತೆ ದಾರದಿಂದ ಗೋಡೆಯ ಮೊಳೆಗೆ ಕಟ್ಟಿದ್ದ ಕೊಂಬೆ. ಮಾವ ದಾರವನ್ನು ಉಗುರಿನಿಂದ ಬಿಡಿಸಿ, ಜೇಬಿಗೆ ಹಾಕಿಕೊಂಡು, ಆಮೇಲೆ ಕತ್ತರಿಸಿದರು. ಡ್ರಮ್ಮಿನಲ್ಲಿ ಗೇಣುದ್ದದ ನಾಲ್ಕು ಮೋಟುಗಳು ನಿಂತವು.

"ಚಿಗುರದೆ ಹೋದ್ರೆ?" ಎಂದರು.

"ಇಬ್ಬರದೂ ತಪ್ಪು ಮಾವ."

"ಹೂಂ. ಅರ್ಧ ಅರ್ಧ."

ಎಂಟು ದಿನ ಕಳೆಯಿತು, ಹನ್ನೆರಡಾಯಿತು. ಮೋಟುಗಳು ಹಾಗೇ ಇದ್ದವು. ಮಾವನಿಗೆ ಅನ್ನ ಸೇರುತ್ತಿರಲಿಲ್ಲ, ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಇಬ್ಬರೂ ಒಬ್ಬರ ಕಣ್ಣು ತಪ್ಪಿಸಿ ಇನ್ನೊಬ್ಬರು ಅಂಗಳಕ್ಕೆ ಹೋಗಿ ಬಗ್ಗಿ ನೋಡಿ ಬರುವರು. ಬಿಸಿಲು ದಿನೇದಿನೇ ಏರುತ್ತಿತ್ತು.

ಹದಿನೇಳನೆಯ ಬೆಳಗ್ಗೆ ಅಂಗಳದಿಂದ ಕೂಗು ಕೇಳಿಸಿತು: "ಅಮ್ಮಾ, ನನ್ನ ಕನ್ನಡಕ ತಗೊಂಡು ಓಡಿ ಬಾ!"

ಓಡಿ ಬಂದಳು. ಒಂದು ಮೋಟಿನ ಪಕ್ಕದಲ್ಲಿ, ಬೆಂಕಿಕಡ್ಡಿಯ ತಲೆಯಷ್ಟು, ಕೆಂಪಗೆ ಏನೋ ಉಬ್ಬಿತ್ತು. ಮಾವ ಕನ್ನಡಕ ಏರಿಸಿ ಡ್ರಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಅವಳೂ ಕೂತಳು.

"ಮೂರು ಚಿಗುರಿವೆ ಮಾವ."

"ನಾಲ್ಕು. ಸರಿಯಾಗಿ ನೋಡು, ಈ ಹಿಂಬದೀಲಿ."

"ಅದು ಮುಳ್ಳು ಮಾವ."

"ಮುಳ್ಳಂತೆ! ನಿನಗೇನು ಗೊತ್ತು? ಮುಳ್ಳು ಇಷ್ಟು ಮೆತ್ತಗಿರುತ್ತಾ? ಮುಟ್ಟಿ ನೋಡು. ಮೆಲ್ಲಗೆ, ಮೆಲ್ಲಗೆ ಕಣೇ!"

ಅವಳು ಮುಟ್ಟಿದಳು. ಮೆತ್ತಗಿತ್ತು. "ಹೌದು ಮಾವ, ನಾಲ್ಕು" ಎಂದು ಗಟ್ಟಿಯಾಗಿ ನಕ್ಕಳು. ಹೊರಗೆ ಯಾರೋ ಸಲೂನಿನ ಬಾಗಿಲು ಬಡಿಯುತ್ತಿದ್ದರು. ಮಾವ, "ಇವತ್ತು ಹತ್ತು ನಿಮಿಷ ಲೇಟು ಅಂತ ಹೇಳು ಹೋಗು" ಎಂದವರು, ಅವಳು ಏಳುವಷ್ಟರಲ್ಲಿ ಕೈ ಹಿಡಿದು ಕೂರಿಸಿದರು. "ಬೇಡ, ಇರು. ಆ ಕಡೆ ಮೋಟು ಇನ್ನೂ ನೋಡಿಲ್ಲ ನಾವು."