ಬೈಯಲು ಬಂದವನು ನೀರು ಕುಡಿಯುವುದಿಲ್ಲ

ವಿನೋದ್ ಎಂಬ ವಸೂಲಿಯವನು ಹೊಸನಗರದ ದುರ್ಗಮ್ಮನ ಮನೆಯಲ್ಲಿ ಬೆಲ್ಲ ತಿಂದು ನೀರು ಕುಡಿದ. ಮಗಳು ಸ್ವಪ್ನಾಳ ಗಂಡನ ಮನೆಯ ಫೋನ್ ನಂಬರನ್ನು ದುರ್ಗಮ್ಮನಿಂದಲೇ ಕೇಳಿ ಬರೆದುಕೊಂಡ. ಮಾರನೇ ದಿನ ಅರಳಸುರಳಿಯ ಆ ಮನೆಗೆ ಫೋನ್ ಮಾಡಿ ಸ್ವಪ್ನಾಳ ಅತ್ತೆಗೆ, "ನಿಮ್ಮ ಸೊಸೆಯ ಅಣ್ಣ ಕಳ್ಳ. ದುಡ್ಡು ಕಟ್ಟದಿದ್ರೆ ಅವಳ ಕುತ್ತಿಗೇಲಿರೋ ಬಂಗಾರ ಬಿಚ್ಚಿಸ್ತೀವಿ" ಎಂದ.

ಸಾಲ ಇದ್ದದ್ದು ಹೌದು. ಮಗ ಯೋಗರಾಜನದು ಶಾಮಿಯಾನ ಮತ್ತು ಮೈಕ್‌ಸೆಟ್ಟನ್ನು ವ್ಯಾನಿನಲ್ಲಿ ಒಯ್ದು ಬಾಡಿಗೆಗೆ ಕೊಡುವ ವ್ಯಾಪಾರ. ಕ್ರೆಡಿಟ್ ಕಾರ್ಡು ಉಜ್ಜಿ ದೊಡ್ಡ ಸ್ಪೀಕರು ತಂದ. ದೊಡ್ಡ ಮದುವೆಗಳೆಲ್ಲ ಛತ್ರ ಸೇರಿಕೊಂಡವು, ಛತ್ರದಲ್ಲಿ ಸ್ಪೀಕರು ಮೊದಲೇ ಇತ್ತು. ಒಂದೂವರೆ ಲಕ್ಷ ಇದ್ದದ್ದು ಬಡ್ಡಿ, ದಂಡ, ದಂಡದ ಮೇಲಿನ ಬಡ್ಡಿ ಎಂದು ನಾಲ್ಕು ಲಕ್ಷಕ್ಕೆ ಹೋಗಿ ನಿಂತಿತು.

"ಅವನಿಗೆ ನಂಬರ್ ಯಾಕೆ ಕೊಟ್ಟೆ ಅಮ್ಮಾ?" ಎಂದು ಯೋಗರಾಜ ತಲೆ ಚಚ್ಚಿಕೊಂಡಿದ್ದ.

"ನೀರು ಕುಡಿದ್ನಲ್ಲ ಮಾರಾಯ! ನಿನ್ನ ಸ್ನೇಹಿತ ಅಂದ. ತಂಗೀನ ಎಲ್ಲಿಗೆ ಕೊಟ್ಟಿದೀರಿ, ಚೆನ್ನಾಗಿದಾಳಾ ಅಂತೆಲ್ಲ ಕೇಳಿದ. ನೀರು ಕುಡಿದವನು ಬೈಯೋಕೆ ಬಂದಿರ್ತಾನಾ?"

ಮಗನಿಗೆ ಈ ಮಾತು ಅರ್ಥವಾಗಲಿಲ್ಲ. ಆಗಬೇಕಿದ್ದರೆ ಅವನು ಕೆರಿಯಪ್ಪನನ್ನು ನೋಡಿರಬೇಕಿತ್ತು.

ಸಾಗರದ ಬಸ್ಸಿನಲ್ಲಿ ಮಗನ ಪಕ್ಕ ಕೂತ ದುರ್ಗಮ್ಮನಿಗೆ ದಾರಿಯುದ್ದಕ್ಕೂ ಕೆರಿಯಪ್ಪನದೇ ನೆನಪು. ಸಾಗರದ ವಸೂಲಿ ಆಫೀಸಿನವರು ಫೋನ್ ಮಾಡಿ, "ಸೆಟ್ಲ್‌ಮೆಂಟ್ ಮಾಡ್ಕೊಳ್ಳೋಣ, ತಾಯಿನೂ ಕರ್ಕೊಂಡು ಬನ್ನಿ" ಎಂದಿದ್ದರು. ಸೆಟ್ಲ್‌ಮೆಂಟ್ ಎಂದರೆ ರಾಜಿ ಎಂದು ಮಗ ಬಿಡಿಸಿ ಹೇಳಿದ್ದ. ರಾಜಿ ಅಂದರೆ ದುರ್ಗಮ್ಮನಿಗೆ ಗೊತ್ತು.

ಹುಂಚದ ಹತ್ತಿರದ ಹಳ್ಳಿಗೆ ಕನ್ನಪ್ಪನ ಕೈಹಿಡಿದು ಬಂದ ಕಾಲಕ್ಕೆ ಗೇಣಿ ಹೋಗಿ ಗದ್ದೆ ಸ್ವಂತದ್ದಾಗಿತ್ತು, ಆದರೆ ಉಪ್ಪು ಮೆಣಸು ಮಾತ್ರ ಕೆರಿಯಪ್ಪನ ಅಂಗಡಿಯ ಉದ್ರಿ. ಕೆರಿಯಪ್ಪನೇನು ದೇವರಲ್ಲ. ಅಳೆದು ಕೊಡುವ ಸೇರಿನ ತಳವನ್ನು ಒಳಕ್ಕೆ ತಟ್ಟಿಸಿಕೊಂಡಿದ್ದ ಖದೀಮ. ಬಾಕಿ ಬೆಳೆದಾಗ ಬರುತ್ತಿದ್ದ. ಬಂದವನು ಬೇಲಿಬಾಗಿಲ ದಣಪೆ ದಾಟುತ್ತಿರಲಿಲ್ಲ. ಬೇಲಿಯ ಆಚೆಗೇ ನಿಲ್ಲುತ್ತಿದ್ದ. ಹೊಸ ಸೊಸೆ ದುರ್ಗಮ್ಮ ಚೊಂಬು ಹಿಡಿದು ಹೋದರೆ ಕೈ ಅಡ್ಡ ಮಾಡುತ್ತಿದ್ದ.

"ನೀರು ಬೇಡ ತಂಗಿ. ಇವತ್ತು ಬೈಯೋಕೆ ಬಂದಿದೀನಿ. ಎಲ್ಲಿ ನಿನ್ನ ಗಂಡ?"

"ಮನೇಲಿಲ್ಲ ಅಣ್ಣಾ."

"ಏ ಕನ್ನಪ್ಪಾ! ಆ ಬಾಳೆಗಿಡಕ್ಕಿಂತ ನಿನ್ನ ಹೊಟ್ಟೆನೇ ದಪ್ಪ ಇದ್ಯಲ್ಲೋ, ಅದರ ಹಿಂದೆ ಅಡಗಿದ್ರೆ ಕಾಣೋದಿಲ್ಲನಾ? ಬಾರೋ ಈಚೆ!"

ಆಮೇಲೆ ಬೈಗುಳ. ಗುಡ್ಡದ ಮೇಲಿನ ಮನೆಗೂ ಕೇಳುವಂಥ ಬೈಗುಳ. ಆದರೆ ಅದು ಬೇಲಿಯ ಆಚೆಗೇ, ಕನ್ನಪ್ಪನ ಮುಖಕ್ಕೇ. ಕನ್ನಪ್ಪನ ಮಾವನ ಮನೆಗೋ ತಂಗಿಯ ಮನೆಗೋ ಹೋಗಿ ಆತ ಒಂದು ಸೊಲ್ಲು ಎತ್ತಿದವನಲ್ಲ.

ಬೆಳೆ ಕೈಕೊಟ್ಟ ವರ್ಷ ಅದೇ ಕೆರಿಯಪ್ಪ ದಣಪೆ ದಾಟಿ ಬಂದ. ಜಗಲಿಯ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡು, "ತಂಗೀ, ಬೆಲ್ಲ ನೀರು ತಗೊಂಡು ಬಾ" ಎಂದ. ದುರ್ಗಮ್ಮನಿಗೆ ಕುಣಿಯುವಷ್ಟು ಖುಷಿ. ಒಳಗೆ ಓಡಿ ಅತ್ತೆಯ ಕಿವಿಯಲ್ಲಿ, "ನೀರು ಕೇಳಿದ್ರು!" ಎಂದಳು. ಅತ್ತೆ ದೇವರಿಗೆ ಕೈ ಮುಗಿದಳು. ಬಡ್ಡಿ ಬಿಟ್ಟ, ಅಸಲಿಗೆ ಮುಂದಿನ ಸುಗ್ಗಿಯ ಗಡುವು ಕೊಟ್ಟ, ಎಲೆ ಅಡಿಕೆ ಹಾಕಿಕೊಂಡು ಎದ್ದುಹೋದ. ಅದು ರಾಜಿ. ತಳ ತಟ್ಟಿದ ಸೇರಿನವನಿಗೂ ಅಷ್ಟು ಗೊತ್ತಿತ್ತು: ಬೈಯುವ ದಿನ ನೀರು ಮುಟ್ಟಬಾರದು, ನೀರು ಮುಟ್ಟಿದ ದಿನ ಬೈಯಬಾರದು.

ಬಸ್ಸು ಸಾಗರ ಮುಟ್ಟಿತು.

ಆಫೀಸು ಪೇಟೆಯ ಒಂದು ಮಹಡಿಯ ಮೇಲೆ. ರಾಜೇಂದ್ರ ಎಂಬ ಮ್ಯಾನೇಜರು ನಯವಾದ ಮನುಷ್ಯ. ಕುರ್ಚಿ ಎಳೆದು ಕೊಟ್ಟ. "ನಾಲ್ಕು ಲಕ್ಷ ಬಿಡಿ ಸರ್. ಒಂದೂಕಾಲು ಕಟ್ಟಿ, ಕ್ಲೋಸ್. ನಿಮ್ಮ ವ್ಯಾನು, ಸ್ಪೀಕರು ಎಲ್ಲ ಉಳೀತದೆ" ಎಂದ.

ಯೋಗರಾಜನ ಮುಖ ಅರಳಿತು. ವ್ಯಾನು ಮಾರಿದರೆ ಅವನ ವ್ಯಾಪಾರವೇ ಮುಗಿದಂತೆ.

"ಆದರೆ ಒಂದು ಸಣ್ಣ ಕೆಲಸ ಇದೆ" ಎಂದ ರಾಜೇಂದ್ರ. "ನಿಮ್ಮ ತಂಗಿ ತೀರ್ಥಹಳ್ಳಿ ಸ್ಟೇಷನ್ನಲ್ಲಿ ನಮ್ಮ ಹುಡುಗನ ಮೇಲೆ ಕಂಪ್ಲೇಂಟ್ ಕೊಟ್ಟಿದಾರೆ. ಅಮ್ಮ ಮೊಬೈಲ್ ಮುಂದೆ ಎರಡು ಮಾತು ಹೇಳಿದ್ರೆ ಆಯ್ತು. 'ಯಾರಿಗೂ ನಂಬರ್ ಕೊಟ್ಟಿಲ್ಲ, ಬೆದರಿಕೆ ಫೋನ್ ಬಂದಿಲ್ಲ, ಮಗಳು ಸಿಟ್ಟಲ್ಲಿ ಸುಳ್ಳು ದೂರು ಕೊಟ್ಟಳು' ಅಂತ."

ದುರ್ಗಮ್ಮ ಮಗನ ಕಡೆ ನೋಡಿದಳು. ಆ ಫೋನ್ ಬಂದ ದಿನದಿಂದ ಸ್ವಪ್ನಾಳ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟಿದ್ದಳು. ದೂರು ಕೊಟ್ಟ ಮೇಲೆ, ಪೊಲೀಸರು ವಿನೋದನನ್ನು ಕರೆಸಿ ಕೇಳಿದ ಮೇಲೆಯೇ, ಮತ್ತೆ ಸೊಸೆಗೆ "ಊಟ ಮಾಡು ಬಾ" ಎಂದಿದ್ದಳು. ಈ ಎರಡು ಮಾತು ಆ ಮನೆಗೆ ಮುಟ್ಟಿದರೆ?

"ಹೇಳಿಬಿಡು ಅಮ್ಮಾ" ಎಂದ ಯೋಗರಾಜ, ತಲೆ ಎತ್ತದೆ. "ಸ್ವಪ್ನಾಗೆ ನಾನು ಆಮೇಲೆ ತಿಳಿಸಿ ಹೇಳ್ತೀನಿ."

"ಅವಳಿಗೆ ಹೇಳ್ತೀಯ. ಅವಳ ಅತ್ತೆಗೆ ಯಾರು ಹೇಳ್ತಾರೆ?"



"ಆಫರ್ ಇವತ್ತೊಂದೇ ದಿನ ಅಮ್ಮ" ಎಂದು ರಾಜೇಂದ್ರ ಮೊಬೈಲ್ ಎತ್ತಿ ಹಿಡಿದ. "ಮಗನ ಹೊಟ್ಟೆಪಾಡು ನಿಮ್ಮ ಕೈಲಿದೆ. ನಾನು ಹೇಳಿಕೊಡ್ತೀನಿ, ಹಾಗೇ ಹೇಳಿ. 'ನನ್ನ ಮಗಳು...'"

"ನನ್ನ ಮಗಳು" ಎಂದಳು ದುರ್ಗಮ್ಮ.

"'ಸುಳ್ಳು ಹೇಳಿದಾಳೆ.'"

ಫ್ಯಾನು ಕಟಕಟ ಅನ್ನುತ್ತಿತ್ತು.

"ಹೇಳಿ ಅಮ್ಮ. ರೆಕಾರ್ಡ್ ಆಗ್ತಾ ಇದೆ."

"ಆಗಲಿ" ಎಂದು ದುರ್ಗಮ್ಮ ಸೆರಗು ಸರಿಮಾಡಿಕೊಂಡು ಮೊಬೈಲಿನ ಕಣ್ಣಿಗೇ ಮುಖ ಕೊಟ್ಟಳು. "ನಂಬರ್ ಕೊಟ್ಟವಳು ನಾನು. ಫೋನ್ ಮಾಡಿದವನು ವಿನೋದ. ಸಾಲ ತೀರಿಸೋದಿಲ್ಲ ಅಂತ ನಾವು ಅಂದಿಲ್ಲ. ಈ ಮನುಷ್ಯ ಹೇಳಿಕೊಟ್ಟ ಮಾತನ್ನ ನಾನು ಹೇಳೋದಿಲ್ಲ."