ಗುಳಿಗೆ ಬಿಡಿಸಿದ ಹರಕೆ

ಸೋಲಾಪುರದ ಪ್ರಹ್ಲಾದರಾಯರ ಮನೆಯಲ್ಲಿ ಬೆಳಗಿನ ಪೂಜೆ ಮುಗಿದ ಮೇಲೆ ಮಗಳು ಮುಕ್ತಾ ತೀರ್ಥ ತೆಗೆದುಕೊಳ್ಳುತ್ತಿದ್ದಳು. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಗುಳಿಗೆ ನುಂಗುತ್ತಿದ್ದಳು. ಎಳವೆಯಲ್ಲಿ ಅವಳಿಗೆ ಮೂರ್ಛೆರೋಗ ತಗುಲಿತ್ತು. ಗುಳಿಗೆ ಹಿಡಿದ ಮೇಲೆ ವರ್ಷಗಟ್ಟಲೆ ಅದು ತಲೆಯೆತ್ತಿರಲಿಲ್ಲ. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವರು ರಾಯರ ವಿಧವೆ ಅಕ್ಕ ಜಾನಕೀಬಾಯಿ. ನೆರೆಯವರು ಕೇಳಿದರೆ, "ಶಕ್ತಿ ಬರಲಿ ಅಂತ ಕೊಡ್ತೀವಿ" ಎನ್ನುತ್ತಿದ್ದರು. ಹೆಣ್ಣುಮಕ್ಕಳ ಬೇನೆಯನ್ನು ಬಚ್ಚಿಡುವುದು ನಮ್ಮ ಮನೆತನಗಳಲ್ಲಿ ಮರ್ಯಾದೆ ಎನಿಸಿಕೊಂಡುಬಿಟ್ಟಿದೆ.

೧೯೯೯ರಲ್ಲಿ ಅಕ್ಕಲಕೋಟದ ಶಿಕ್ಷಕ ತೇಜಸನೊಡನೆ ಅವಳ ಮದುವೆ ನಿಶ್ಚಯವಾಯಿತು. ಸಂಬಂಧ ಕೂಡಿಬಂದರೆ ಗುಳಿಗೆ ಬಿಡಿಸಿ ಹುಡುಗಿಯ ಆರೋಗ್ಯದ ಭಾರವನ್ನು ದೇವರಿಗೇ ಒಪ್ಪಿಸುವೆನೆಂದು ಜಾನಕೀಬಾಯಿ ಹರಕೆ ಹೊತ್ತಿದ್ದರು. ಕಾಶಿಗೆ ಹೋದವರು ಇಷ್ಟದ ತರಕಾರಿಯೊಂದನ್ನು ಬಿಡುವಂತೆ, ಇವರು ಔಷಧವನ್ನು ಬಿಡಿಸಲು ಹೊರಟರು.

ಮುಕ್ತಾಳ ತಮ್ಮ ಅಮೇಯ ಕಾಲೇಜಿನ ಹುಡುಗ. ನವಿ ಪೇಠದ ಕಂಪ್ಯೂಟರ್ ಅಂಗಡಿಗೆ ಆಗತಾನೇ ಇಂಟರ್ನೆಟ್ ಬಂದಿತ್ತು. ಅವನು ಅಲ್ಲಿ ಕುಳಿತು ಓದಿ, ಎರಡು ಹಾಳೆ ಛಾಪಿಸಿಕೊಂಡು ಬಂದ.

"ಅತ್ಯಾ, ಇಲ್ಲೆ ಬರದಾರ ನೋಡ್ರಿ. ಗುಳಿಗಿ ಒಮ್ಮಿಗ್ಲೇ ಬಿಟ್ರ ಜೀವಕ್ಕ ಅಪಾಯ. ಈ ಬ್ಯಾನಿ ಇದ್ದವರು ಮದುವಿ ಆಗಬಹುದು. ಆದ್ರ ಮನ್ಯಾಗಿನವರಿಗೆ ಗೊತ್ತಿರಬೇಕು."

"ಅಯ್ಯ ಖೋಡಿ! ಓಣ್ಯಾಗ ಒಬ್ಬರಿಗೂ ಗೊತ್ತಿಲ್ಲದ್ದನ್ನ ಜಗತ್ತಿಗೇ ಡಂಗುರ ಹೊಡದು ಬಂದ್ಯಾ? ನಾಳೆ ಅಕ್ಕಲಕೋಟದಾಗ ಯಾರರೆ ಆ ಪೆಟಗಿ ಚಾಲೂ ಮಾಡಿದ್ರ ನಮ್ಮ ಹುಡಿಗಿ ಹೆಸರು ಕಾಣಸೂದಿಲ್ಲೇನು?"

"ಹೆಸರು ಯಾರಿಗೂ ಕೊಟ್ಟಿಲ್ರೀ. ಬರೇ ಓದಿಕೊಂಡು ಬಂದೀನಿ."

ರಾಯರು ಸರಕಾರಿ ಕಚೇರಿಯ ಹೆಡ್ ಕ್ಲಾರ್ಕು. ಚಾಳೀಸು ಏರಿಸಿ ಹಾಳೆಗಳನ್ನು ತಿರುವಿ ಹಾಕಿದರು. "ಸಹಿ ಯಾರದು? ಮೊಹರು, ಶಿಕ್ಕಾ ಎಲ್ಲೆದ?"

"ಶಿಕ್ಕಾ ಇರೂದಿಲ್ಲ ಬಾಬಾ. ಅನುಮಾನ ಇದ್ರ ನಮ್ಮ ಡಾಕ್ಟರಿಗೇ ತೋರಸೋಣ ನಡೀರಿ. ಸುಳ್ಳೋ ಖರೇನೋ ಅವರು ಹೇಳ್ತಾರ."

"ದವಾಖಾನ್ಯಾಗ ಬೀಗರ ಕಡಿಯವರು ಯಾರರೆ ಕೂತಿದ್ರ?" ಜಾನಕೀಬಾಯಿ ಅಡ್ಡಬಂದರು. "ದೇವರ ಮ್ಯಾಲೆ ಭಾರ ಹಾಕಿ ಮತ್ತ ಗುಳಿಗಿ ನುಂಗಿದ್ರ, ಅದು ನಂಬಿಗೆನೋ ಚಾಷ್ಟಿನೋ?"

"ಡಾಕ್ಟರಿಗೆ ಬುದ್ಧಿ ಕೊಟ್ಟಾಂವನೂ ಆ ದೇವರೇ ಅಲ್ರೀ ಅತ್ಯಾ?"

"ಕೇಳ್ರಿ! ಮೀಸಿ ಮೂಡಿಲ್ಲ, ನನಗ ಪುರಾಣ ಹೇಳ್ಲಿಕ್ಕೆ ಬಂದಾನ!"

ಮುಕ್ತಾ ಬಾಗಿಲಿಗೆ ಒರಗಿ ನಿಂತಿದ್ದಳು. "ಬಾಬಾ, ನೀವಽ ಹೇಳ್ರಿ. ತಗೋಳ್ಲೋ, ಬಿಡ್ಲೋ?"

ಎಳವೆಯಲ್ಲಿ ನಾಲಗೆ ಕಚ್ಚಿಕೊಂಡು ಒದ್ದಾಡಿದ್ದ ಮಗಳನ್ನು ತೊಡೆಯ ಮೇಲೆ ಹಿಡಿದಿದ್ದ ತಂದೆ ಅವರು. ಅಕ್ಕನ ಮುಖ ನೋಡಿದರು, ಹಾಳೆಗಳನ್ನು ಮಡಿಚಿದರು.

"ಬಿಟ್ಟಬಿಡವಾ."

ಮದುವೆಯಾಯಿತು. ಗುಳಿಗೆಯೂ ನಿಂತಿತು. ಮಳೆಗಾಲ ಕಳೆಯುವಷ್ಟರಲ್ಲಿ ಮುಕ್ತಾಳ ಕೈಯಿಂದ ಪಾತ್ರೆಗಳು ಜಾರತೊಡಗಿದವು. ಒಂದು ದಿನ ಅವಳು ತವರಿಗೆ ಫೋನು ಮಾಡಿದಳು. "ಅತ್ಯಾ, ಕೈ ತಾನಽ ಜಗ್ತದ. ನಡುವ ಏನಾತೋ ನೆನಪೇ ಇರೂದಿಲ್ಲ. ಇವರಿಗೆ ಹೇಳ್ಲೇನು?"

"ಸುಮ್ನಿರು. ಹೇಳಿದ್ರ ಬಾಳೇ ಮುಗೀತು."

ಪಕ್ಕದಲ್ಲೇ ಕುಳಿತಿದ್ದ ರಾಯರಿಗೆ ಎಲ್ಲವೂ ಕೇಳಿಸಿತು. ಅವರು ಪತ್ರಿಕೆಯನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದರು.

ದೀಪಾವಳಿ ಮುಗಿದ ಕೆಲವೇ ದಿನಕ್ಕೆ, ಗಂಡನ ಮನೆಯ ಹಿತ್ತಲ ತೊಟ್ಟಿಯಿಂದ ನೀರು ತುಂಬಿಕೊಳ್ಳಲು ಬಗ್ಗಿದ ಮುಕ್ತಾ ಮೇಲೇಳಲಿಲ್ಲ. ಮುಖ ನೀರಿನಲ್ಲಿತ್ತು. ಹತ್ತಿರ ಯಾರೂ ಇರಲಿಲ್ಲ.

ಹದಿಮೂರನೆಯ ದಿನದ ಕಾರ್ಯಕ್ಕೆ ಎಲ್ಲರೂ ಅಕ್ಕಲಕೋಟದಲ್ಲಿ ಸೇರಿದರು. ಕಾಲು ತೊಳೆಯಲು ರಾಯರು ಹಿತ್ತಲಿಗೆ ಹೋದರು. ಅಲ್ಲಿ ತೇಜಸ ಕುಕ್ಕರುಗಾಲಲ್ಲಿ ಕುಳಿತು, ತೊಟ್ಟಿಯ ಸುತ್ತಲಿನ ಕಲ್ಲುಗಳ ಪಾಚಿಯನ್ನು ಇಟ್ಟಿಗೆ ಚೂರಿನಿಂದ ತಿಕ್ಕುತ್ತಿದ್ದ. ಬೆರಳು ಸುಲಿದು ರಕ್ತ ಬಂದಿತ್ತು.

"ಇದೇನ್ ಮಾಡ್ಲಿಕ್ಕತ್ತೀರಿ?"

"ಪಾಚಿ ತಗೀರಿ ಅಂತ ಅಕಿ ಹೇಳ್ತಿದ್ಲು ಮಾವಾ. ನಾಳೆ ತಗದ್ರಾತು ಅಂದೆ. ಕಾಲು ಜಾರಿದ್ದು ನನ್ನಿಂದಽ. ನಾನಽ ಕೊಂದೆ ಅಕಿನ್ನ."

ಒಳಗೆ ಜಾನಕೀಬಾಯಿ ಹೆಂಗಸರಿಗೆ ಅದನ್ನೇ ಹೇಳುತ್ತಿದ್ದರು: "ಕಾಲು ಜಾರಿತ್ರೀ. ವಿಧಿ." ಆ ಸುಳ್ಳನ್ನು ಪ್ರಶ್ನಿಸುವವರು ಯಾರೂ ಇರಲಿಲ್ಲ. ರಾಯರು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ತಪ್ಪಿನ ಹೊರೆಯನ್ನು ಆ ಹುಡುಗ ಬದುಕಿರುವ ತನಕ ಹೊರುತ್ತಿದ್ದ.

ಅವರು ಅಳಿಯನ ತೋಳು ಹಿಡಿದು ಎಬ್ಬಿಸಿ, ಪಡಸಾಲೆಗೆ ಕರೆತಂದು ಎಲ್ಲರ ಎದುರು ನಿಂತರು.

"ಕಾಲು ಜಾರಿಲ್ಲ. ಮುಕ್ತಾಗ ಮೂರ್ಛೆರೋಗ ಇತ್ತು. ನಿಮ್ಮಿಂದ ಮುಚ್ಚಿಟ್ವಿ. ಗುಳಿಗಿ ಬಿಡಬಾರದು ಅಂತ ಇವ, ಅಮೇಯ, ಕಂಪ್ಯೂಟರದಾಗ ಓದಿ ತಂದು ನನ್ನ ಕೈಯಾಗ ಕೊಟ್ಟಿದ್ದ. ಬಿಡು ಅಂದಾಂವ ನಾನು."

"ಪ್ರಹ್ಲಾದ! ಮಂದಿ ಇದ್ದಾರ!" ಜಾನಕೀಬಾಯಿ ಅವರ ಅಂಗಿ ಜಗ್ಗಿದರು.

"ಇರ್ಲಿ ಅಕ್ಕಾ. ಮಂದಿಗಂಜೇ ಅಕಿನ್ನ ಕಳಕೊಂಡ್ವಿ."

ಜಾನಕೀಬಾಯಿ ಹಿಡಿದ ಅಂಗಿಯನ್ನು ಬಿಟ್ಟರು. ತೇಜಸ ಮಾವನ ಕಡೆ ತಿರುಗಿದ. "ಒಂದು ಮಾತು ಹೇಳಿದ್ರ... ದಿನಾ ಗುಳಿಗಿ ನಾನಽ ಕೊಡ್ತಿದ್ದೆ ಮಾವಾ."

ಇದಕ್ಕೆ ಉತ್ತರ ಯಾವ ಪೂಜೆಯಲ್ಲೂ ಇಲ್ಲ, ಯಾವ ಹರಕೆಯಲ್ಲೂ ಇಲ್ಲ. ದೇವರು ನಮ್ಮಿಂದ ಭಕ್ತಿ ಕೇಳುತ್ತಾನೆ. ಮಕ್ಕಳ ಔಷಧವನ್ನು ಕೇಳಿದ್ದು ನಮ್ಮ ಅಂಜಿಕೆ.

ಮಂದಿ ಎದ್ದು ಹೊರಡುವಾಗ ತೇಜಸನ ನೆರೆಮನೆಯ ತುಳಜಾಬಾಯಿ ಅಮೇಯನನ್ನು ಕಂಬದ ಮರೆಗೆ ಕರೆದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದರು. "ತಮ್ಮಾ, ನನ್ನ ಮೊಮ್ಮಗಳಿಗೂ ಹಿಂಗಽ ಬರ್ತದ. ಆ ಕಂಪ್ಯೂಟರದಾಗ ನೀ ಏನ್ ಓದಿದ್ದಿ..."

ರಾಯರು ಕೈಮುಗಿದರು. "ಮರ್ಯಾಗ ಬ್ಯಾಡ ತಾಯಿ. ಎಲ್ಲಾರಿಗೂ ಕೇಳೂಹಂಗ ಕೇಳ್ರಿ."

ತುಳಜಾಬಾಯಿ ಸುತ್ತಲೂ ನೋಡಿದರು. ಬಾಯಿಗೆ ಹಿಡಿದ ಸೆರಗನ್ನು ಮೆಲ್ಲಗೆ ಇಳಿಸಿದರು. ಆಮೇಲೆ, ಇಡೀ ಪಡಸಾಲೆಗೆ ಕೇಳುವಂತೆ, ಮೊಮ್ಮಗಳ ಹೆಸರು ಹೇಳಿ, ಅದೇ ಮಾತನ್ನು ಕೇಳಿದರು.