ಮೂವತ್ತೆಂಟನೆಯ ವಿಳಾಸ

ನೀರು ಕುಡಿಯಲು ನಾಲ್ಕು ಹೆಜ್ಜೆ ಹೋಗುವುದಿದ್ದರೂ ಕಂಪ್ಯೂಟರಿಗೆ ಬೀಗ ಹಾಕಿಯೇ ಏಳುತ್ತಿದ್ದುದರಿಂದ ಕಚೇರಿಯಲ್ಲಿ ಅವನಿಗೆ ಚಿಲಕ ಎಂದು ಹೆಸರು ಬಿದ್ದಿತ್ತು. ಹೆಸರಿಟ್ಟವರು ಅಕ್ಕ. ಅವರು ಅಲ್ಲಿ ಯಾರಿಗೂ ಒಡಹುಟ್ಟಿದವರಲ್ಲ. ಇಪ್ಪತ್ತೊಂದು ವರ್ಷದಿಂದ ಅದೇ ಮಹಡಿಯಲ್ಲಿದ್ದವರು, ನಲವತ್ತಾರು ಜನರಲ್ಲಿ ಮೂವತ್ತೊಂದು ಜನಕ್ಕೆ ಕೆಲಸ ಕಲಿಸಿದವರು. ಹಾಗಾಗಿ ಮ್ಯಾನೇಜರೂ ಸೇರಿ ಎಲ್ಲರಿಗೂ ಅಕ್ಕ.

ಆಸ್ಪತ್ರೆಗಳ ದಾಖಲೆಗಳನ್ನು ಕ್ಲೌಡ್ ಸರ್ವರ್‌ಗಳಲ್ಲಿಟ್ಟು ಕಾಪಾಡುವುದು ಅವರ ಕಂಪನಿಯ ಕೆಲಸ. ಇನ್ನೂರ ಹದಿನಾಲ್ಕು ಸರ್ವರ್‌ಗಳಿದ್ದವು. ಪ್ರತಿಯೊಂದರ ಮುಂದೆಯೂ ಫೈರ್‌ವಾಲ್ ಎಂಬ ಕಾವಲು, ಕಾವಲಿನ ಕೈಯಲ್ಲೊಂದು ಪಟ್ಟಿ: ಇಂತಿಂಥ ವಿಳಾಸದಿಂದ ಬಂದವರನ್ನು ಒಳಗೆ ಬಿಡಬೇಕು, ಉಳಿದವರನ್ನು ಬಾಗಿಲಲ್ಲೇ ನಿಲ್ಲಿಸಬೇಕು. ಪಟ್ಟಿಯ ಒಂದೊಂದು ಸಾಲಿಗೂ ರೂಲ್ ಎಂದು ಹೆಸರು. ಯಾರಿಗಾದರೂ ಮನೆಯಿಂದಲೇ ಕೆಲಸ ಮಾಡಬೇಕಾಗಿ ಬಂದರೆ ಅವರ ಮನೆಯ ಇಂಟರ್ನೆಟ್ ವಿಳಾಸ ಬರೆದು ಒಂದು ರೂಲ್ ಸೇರಿಸಿದರಾಯಿತು. ವರ್ಷಗಳಿಂದ ಹಾಗೆ ಕೇಳಿದವರಿಗೆಲ್ಲ ಸೇರಿಸುತ್ತ ಬಂದವರು ಅಕ್ಕನೇ.

ಎರಡು ವರ್ಷದ ಹಿಂದೆ ಚಿಲಕನ ಮಗಳಿಗೆ ಮೊದಲ ಸಲ ಫಿಟ್ಸ್ ಬಂದಾಗ ಅವನು ಆಸ್ಪತ್ರೆಯ ವರಾಂಡದಿಂದ ಅಕ್ಕನಿಗೆ ಫೋನ್ ಮಾಡಿ ರಜೆ ಕೇಳಿದ್ದ. ಅವನ ಹೆಂಡತಿ ನರ್ಸ್. ಹಗಲಿನ ಪಾಳಿ ಮುಗಿಸಿ ಅವಳು ಮನೆ ಸೇರುವಾಗ ಸಂಜೆಯಾಗುತ್ತಿತ್ತು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಗುವನ್ನು ಒಂಟಿಯಾಗಿ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು.

"ರಜೆ ಯಾಕೋ? ನಿನ್ನ ಮನೆ ವಿಳಾಸ ಕಳಿಸು," ಎಂದಿದ್ದರು ಅಕ್ಕ. "ಬೆಳಿಗ್ಗೆ ಬಾ, ಮಧ್ಯಾಹ್ನ ಪುಟ್ಟಿ ಹತ್ರ ಹೋಗು. ಕೆಲ್ಸ ಎಲ್ಲಿಂದ ಮಾಡಿದ್ರೇನು, ಮಾಡಿದ್ರಾಯ್ತು." ಹತ್ತು ನಿಮಿಷದಲ್ಲಿ ರೂಲ್ ಸಿದ್ಧವಾಗಿತ್ತು.

ಅಕ್ಕನ ಮನೆಯ ವಿಳಾಸವೂ ಆ ಪಟ್ಟಿಯಲ್ಲಿತ್ತು. ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದ ತಾಯಿಗೆ ಅವರೊಬ್ಬರೇ ಆಸರೆ. ಮುದುಕಿಗೆ ಬೇರೆ ಯಾರು ತಿನ್ನಿಸಿದರೂ ಬಾಯಿ ಬಿಗಿದುಕೊಳ್ಳುತ್ತಿತ್ತು. ಹಾಗಾಗಿ ಅಕ್ಕ ವಾರಕ್ಕೆರಡು ದಿನ ಮಾತ್ರ ಕಚೇರಿಗೆ ಬರುತ್ತಿದ್ದರು.

ಹೀಗಿರುವಾಗ ಎಲ್ಲೋ ಇನ್ನೊಂದು ಕಂಪನಿಯಲ್ಲಿ ಯಾರದೋ ಮನೆಯ ಕಂಪ್ಯೂಟರ್ ಮೂಲಕ ಕಳ್ಳರು ನುಗ್ಗಿ ದಾಖಲೆ ಕದ್ದರು. ಆಸ್ಪತ್ರೆಗಳು ಹೆದರಿದವು, ತಪಾಸಣೆಯವರನ್ನು ಕಳಿಸಿದವು. ಮ್ಯಾನೇಜರ್ ಎಲ್ಲರನ್ನೂ ಕೂರಿಸಿ ಹೇಳಿದರು: ಮನೆಗಳಿಂದ ಒಳಬರುವ ರೂಲ್ ಒಂದೂ ಇರಕೂಡದು. ಕೈಯಿಂದ ಅಳಿಸಿದರೆ ಎಲ್ಲಾದರೂ ಬಿಟ್ಟುಹೋಗುತ್ತದೆ, ಕೋಡ್ ಬರೆದೇ ಅಳಿಸಬೇಕು. ಮನೆಯಿಂದ ಬರಲು ಬೇರೆ ಸುರಕ್ಷಿತ ದಾರಿಯ ವಿಚಾರ ಮುಂದಿನ ವರ್ಷ ನೋಡೋಣ, ಅಲ್ಲಿಯವರೆಗೆ ಎಲ್ಲರೂ ಕಚೇರಿಗೆ ಬರಬೇಕು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದರು ಅಕ್ಕ. ಎಲ್ಲರೂ ನಕ್ಕರು, ಮ್ಯಾನೇಜರೂ ನಕ್ಕರು. ಆದರೆ ಆದೇಶ ಬದಲಾಗಲಿಲ್ಲ. ಕೋಡ್ ಬರೆಯುವ ಕೆಲಸ ಚಿಲಕನ ಪಾಲಿಗೆ ಬಂತು. ಬರೆದವರೇ ಅದನ್ನು ನಡೆಸುವಂತಿಲ್ಲ, ಇನ್ನೊಬ್ಬರು ಓದಿ ಒಪ್ಪಿಗೆ ಕೊಡಬೇಕು. ಅದು ಅಕ್ಕನ ಪಾಲಿಗೆ.

ನಾಲ್ಕು ದಿನದಲ್ಲಿ ಅವನು ಅದನ್ನು ಬರೆದು ಮುಗಿಸಿದ. ಕೋಡ್ ಒಂದೊಂದೇ ಸರ್ವರಿನ ಪಟ್ಟಿ ತೆರೆದು, ಕಚೇರಿಯದೂ ಅಲ್ಲದ ಆಸ್ಪತ್ರೆಯದೂ ಅಲ್ಲದ ವಿಳಾಸ ಕಂಡರೆ ಆ ರೂಲನ್ನು ಅಳಿಸಿ ಮುಂದಕ್ಕೆ ಹೋಗುತ್ತಿತ್ತು. ಒಂದು ಬಗೆಯದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಸರ್ವರ್‌ಗಳು ಸರಿಯಾಗಿ ನಡೆಯುತ್ತಿವೆಯೇ ಎಂದು ಹೊರಗಿನಿಂದ ನೋಡುತ್ತಿರುವ ಯಂತ್ರಗಳಿಗೂ ರೂಲ್‌ಗಳಿದ್ದವು. ಅವುಗಳ ವಿವರಣೆಯಲ್ಲಿ 'ಮಾನಿಟರಿಂಗ್' ಎಂದು ಬರೆದಿರುತ್ತಿತ್ತು. ಆ ಮಾತು ಕಂಡಲ್ಲಿ ಕೋಡ್ ಹಾಗೇ ದಾಟಿ ಹೋಗುತ್ತಿತ್ತು.

ಐದನೆಯ ದಿನ ಬೆಳಿಗ್ಗೆ, ಇನ್ನೂ ಯಾರೂ ಬಂದಿರದ ಹೊತ್ತಿನಲ್ಲಿ, ಚಿಲಕ ತನ್ನ ಮನೆಯ ರೂಲ್ ತೆರೆದು ಅದರ ವಿವರಣೆಯನ್ನು 'ಮಾನಿಟರಿಂಗ್' ಎಂದು ಬದಲಾಯಿಸಿದ. ಅಕ್ಕನ ಮನೆಯ ರೂಲೂ ಕೆಳಗೇ ಕಾಣುತ್ತಿತ್ತು. ಅದನ್ನೂ ಬದಲಾಯಿಸಲು ಬೆರಳು ಹೋಯಿತು, ನಿಂತಿತು. ಒಂದಾದರೆ ಕಣ್ತಪ್ಪು ಎನ್ನಬಹುದು, ಎರಡಾದರೆ ಸಂಚು ಎನ್ನುತ್ತಾರೆ. ಅವನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಅವತ್ತು ಕಂಪ್ಯೂಟರಿಗೆ ಬೀಗ ಹಾಕುವುದು ಮರೆತಿತ್ತು.

ಅಕ್ಕ ಬಂದು ಪಕ್ಕದಲ್ಲಿ ಕೂತರು. ಅಳಿಸುವ ಮೊದಲು ಏನೇನು ಅಳಿಸಲಿದೆ ಎಂದು ಕೋಡ್ ಒಂದು ಪಟ್ಟಿ ಕೊಡುತ್ತಿತ್ತು. ಅವರು ಕನ್ನಡಕ ಏರಿಸಿ ಬೆರಳಿಟ್ಟು ಓದಿದರು.

"ಮೂವತ್ತೇಳು ಮನೆಗಳಾ? ಮೂವತ್ತೆಂಟಲ್ವಾ?"

"ಒಬ್ರು ಕೆಲ್ಸ ಬಿಟ್ಟು ಹೋದ್ರಲ್ಲ ಅಕ್ಕ, ಅವ್ರದ್ದು ಆಗ್ಲೇ ತೆಗೆದಿದ್ರು ಅನ್ಸುತ್ತೆ."

ಅವರು ಅವನ ಮುಖ ನೋಡಲಿಲ್ಲ. ಪಟ್ಟಿಯನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ಓದಿದರು. ತಮ್ಮ ಮನೆಯ ವಿಳಾಸದ ಮೇಲೆ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ, "ಸರಿ ಬಿಡು," ಎಂದು ಒಪ್ಪಿಗೆ ಒತ್ತಿದರು.

ಹನ್ನೊಂದು ಗಂಟೆಗೆ ಕೋಡ್ ಓಡಿತು. ಪರದೆಯ ಮೇಲೆ ಸಾಲುಗಳು ಸರಿದುಹೋದವು. ಆರೂವರೆ ನಿಮಿಷದಲ್ಲಿ ಎಲ್ಲ ಮುಗಿಯಿತು. ಮಧ್ಯಾಹ್ನ ಅವನು ಮನೆಗೆ ಹೋಗಿ, ಪುಟ್ಟಿ ಪಕ್ಕದಲ್ಲಿ ಚಿತ್ರ ಬರೆಯುತ್ತಿರುವಾಗ, ಸರ್ವರ್ ಒಳಗೆ ಹೋಗಿ ನೋಡಿದ. ಬಾಗಿಲು ತೆರೆಯಿತು. ಕೇಳಿದವರಿಗೆ ಮಾತ್ರ, ಮಧ್ಯಾಹ್ನ ಕಾಗದಪತ್ರದ ಕೆಲಸ ಮನೆಯಲ್ಲಿ ಮಾಡಲು ಮ್ಯಾನೇಜರ್ ಒಪ್ಪಿದ್ದಾರೆ ಎನ್ನುತ್ತಿದ್ದ. ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯುತ್ತಿದ್ದುದರಿಂದ ಮ್ಯಾನೇಜರ್ ಏನೂ ಕೆದಕಲಿಲ್ಲ.

ಅಕ್ಕ ಈಗ ದಿನವೂ ಬರತೊಡಗಿದರು. ತಾಯಿಯನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ಗೊತ್ತು ಮಾಡಿದ್ದರು. ಒಳ್ಳೆಯ ಹೆಂಗಸು, ಆದರೆ ಮುದುಕಿ ಅವಳ ಕೈಯಿಂದ ಒಂದು ತುತ್ತೂ ತಿನ್ನಲಿಲ್ಲ. ಬೆಳಿಗ್ಗೆ ಎಂಟಕ್ಕೆ ಮಗಳು ತಿನ್ನಿಸಿದ್ದು, ಮತ್ತೆ ರಾತ್ರಿ ಏಳಕ್ಕೇ. ಮೂರನೆಯ ವಾರಕ್ಕೆ ಮುದುಕಿ ಹಿಡಿಯಷ್ಟಾದಳು. ಅಕ್ಕ ಮ್ಯಾನೇಜರನ್ನು ಕೇಳಿದರು, ಆಗಲಿಲ್ಲ. ಆಮೇಲೆ ಟೀ ಯಂತ್ರದ ಹತ್ತಿರ ಚಿಲಕ ಒಬ್ಬನೇ ಇದ್ದಾಗ ಬಂದರು. ಅವರು ತಮಗಾಗಿ ಯಾರ ಹತ್ತಿರವಾದರೂ ಏನನ್ನಾದರೂ ಕೇಳಿದ್ದನ್ನು ಅವನು ಅದುವರೆಗೆ ನೋಡಿರಲಿಲ್ಲ.

"ನಂದೊಂದು ರೂಲ್ ವಾಪಸ್ ಹಾಕೋಕಾಗುತ್ತೇನೋ? ಮಧ್ಯಾಹ್ನ ಒಂದು ಮೂರು ಗಂಟೆ ಹೊತ್ತು ಸಾಕು. ಅಮ್ಮ ಊಟಾನೇ ಬಿಟ್ಬಿಟ್ಟಿದಾಳೆ."

ಅವನ ಕೈಯಲ್ಲಿದ್ದ ಟೀ ಲೋಟ ಸುಡುತ್ತಿತ್ತು.

"ಹೇಗಾಗುತ್ತೆ ಅಕ್ಕ? ರೂಲ್ಸ್ ಅಂದ್ರೆ ರೂಲ್ಸ್. ಒಬ್ರಿಗೆ ಮಾಡಿದ್ರೆ ಎಲ್ರಿಗೂ ಮಾಡ್ಬೇಕಾಗುತ್ತೆ. ನೀವೇ ಅಲ್ವಾ ನಮಗೆ ಹೇಳಿಕೊಟ್ಟಿದ್ದು?"

"ಹೌದು," ಎಂದರು ಅಕ್ಕ. "ನಾನೇ ಹೇಳಿಕೊಟ್ಟಿದ್ದು." ಟೀ ತೆಗೆದುಕೊಳ್ಳದೆ ಹೋದರು.

ಅವನು ಒಂದು ಗಂಟೆಗೆ ಎಂದಿನಂತೆ ಮನೆಗೆ ಹೊರಟ. ದಾರಿಯುದ್ದಕ್ಕೂ ತನಗೆ ತಾನೇ ಲೆಕ್ಕ ಒಪ್ಪಿಸುತ್ತಿದ್ದ: ನನ್ನದು ಮಗು, ಮುಂದೆ ಬಾಳಬೇಕಾದದ್ದು, ಅವರದು ತೊಂಬತ್ತರ ಹತ್ತಿರದ ಜೀವ. ಲೆಕ್ಕವೇನೋ ಸರಿಹೋಗುತ್ತಿತ್ತು. ಆದರೂ ಮನೆ ಬಂದದ್ದು ಗೊತ್ತಾಗದೆ ಎರಡು ಬೀದಿ ಮುಂದೆ ಹೋಗಿಬಿಟ್ಟಿದ್ದ.

ಅಕ್ಕ ತಾಯಿಯನ್ನು ವೃದ್ಧರ ಆರೈಕೆ ಮನೆಯೊಂದಕ್ಕೆ ಸೇರಿಸಿದರು. ಅಲ್ಲಿ ಮೂಗಿನಲ್ಲಿ ನಳಿಕೆ ಹಾಕಿದರು, ಮುದುಕಿ ಕಿತ್ತುಹಾಕಿದಳು. ಹತ್ತೊಂಬತ್ತನೆಯ ದಿನ, ಕಚೇರಿಯ ಹೊತ್ತಿನಲ್ಲಿ, ಅಕ್ಕನ ಫೋನ್ ಬಡಿದುಕೊಂಡಿತು. ಅವರು ಮಾತು ಮುಗಿಸಿ, ತೆರೆದಿದ್ದ ಕೆಲಸವನ್ನು ಉಳಿಸಿ, ಚೀಲ ತೆಗೆದುಕೊಂಡು ಎದ್ದರು. "ಅಮ್ಮ ಹೋದಳಂತೆ," ಎಂದರು, ಯಾರಿಗೆ ಎಂದಿಲ್ಲದೆ. ಚಿಲಕನೂ ಎಲ್ಲರೊಡನೆ ಮಣ್ಣಿಗೆ ಹೋಗಿ ಬಂದ. ಹಿಂದೆ ನಿಂತಿದ್ದ.

ಎರಡು ತಿಂಗಳ ಮೇಲೆ ತಪಾಸಣೆಯವರು ಮತ್ತೆ ಬಂದರು. ಮಾನಿಟರಿಂಗ್ ಎಂದು ಬರೆದ ಒಂದು ವಿಳಾಸ ಯಾವ ಯಂತ್ರದ್ದೂ ಅಲ್ಲ, ಯಾವುದೋ ಮನೆಯ ಇಂಟರ್ನೆಟ್ಟಿನದು ಎಂದು ಅರ್ಧ ದಿನದಲ್ಲಿ ಕಂಡುಹಿಡಿದರು. ಮ್ಯಾನೇಜರ್ ಚಿಲಕ, ಅಕ್ಕ ಇಬ್ಬರನ್ನೂ ಕೋಣೆಗೆ ಕರೆದರು. ತಪಾಸಣೆಯವನು ಕಾಗದ ಮುಂದಿಟ್ಟು, ಇದು ಹೇಗೆ ಉಳಿಯಿತು ಎಂದು ಕೇಳಿದ.

ಚಿಲಕ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ಓದತೊಡಗಿದ.

"ಓದಿ ಒಪ್ಪಿಗೆ ಕೊಟ್ಟವಳು ನಾನು," ಎಂದರು ಅಕ್ಕ. "ಒಂದು ಕಡಿಮೆ ಇದೆ ಅಂತ ಕಂಡಿತ್ತು. ಕಂಡೂ ಬಿಟ್ಟೆ. ತಪ್ಪು ನಂದೇ."

ಯಾರ ಮನೆಯದು ಎಂಬ ಪ್ರಶ್ನೆ ಬರುವುದೆಂದು ಅವನು ಕಾದ. ಬರಲಿಲ್ಲ. ಅವನ ಕಡೆ ಯಾರೂ ತಿರುಗಲೂ ಇಲ್ಲ. ಆ ಸಂಜೆಯೇ ಅಕ್ಕ ರಾಜೀನಾಮೆ ಬರೆದುಕೊಟ್ಟರು. ಮೇಜಿನ ಮೇಲಿದ್ದ ಕನ್ನಡಕದ ಡಬ್ಬಿ, ಒಂದು ಸ್ವೆಟರು, ಇಷ್ಟೇ ಅವರು ಕೊಂಡುಹೋದದ್ದು.

ಮೂರನೆಯ ದಿನ ಚಿಲಕ ಮ್ಯಾನೇಜರ ಕೋಣೆಗೆ ಹೋಗಿ ಎಲ್ಲವನ್ನೂ ಒದರಿದ. ಅವರು ಕೇಳಿ ಮುಗಿಸಿ ಬಾಗಿಲು ಹಾಕಿ ಬಂದರು.

"ವಿವರಣೆ ಯಾರ ಖಾತೆಯಿಂದ ಬದಲಾಗಿದೆ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ತಪಾಸಣೆಯವ್ರು ಹೇಳಿದ ದಿನವೇ ನೋಡ್ದೆ."

"ಮತ್ತೆ ಅಕ್ಕನ್ನ ಯಾಕೆ ಸರ್..."

"ಅವ್ರೇ ಒಪ್ಕೊಂಡ್ರಲ್ಲಪ್ಪ. ತಪಾಸಣೆಯವ್ರಿಗೆ ಒಂದು ತಲೆ ಬೇಕಿತ್ತು, ಸಿಕ್ತು, ವರದಿ ಮೇಲಕ್ಕೆ ಹೋಯ್ತು. ಈಗ ಕೆದಕಿದ್ರೆ ನೀನೂ ಹೋಗ್ತೀಯ, ನಾನೂ ಹೋಗ್ತೀನಿ, ಅವ್ರಂತೂ ವಾಪಸ್ ಬರಲ್ಲ. ನೀನೂ ಹೋದ್ರೆ ಆ ಕೋಡ್ ಓದೋಕೆ ಬರೋರು ಇಲ್ಲಿ ಇನ್ಯಾರಿದಾರೆ? ಹೋಗು, ಮೊದ್ಲು ಆ ದರಿದ್ರ ರೂಲ್ ತೆಗಿ."

ಅವನು ತೆಗೆದ. ಅದೇ ಕೋಡಿನಲ್ಲಿ 'ಮಾನಿಟರಿಂಗ್' ಕಂಡರೆ ದಾಟುವ ಸಾಲನ್ನು ಬಿಗಿಮಾಡಿ, ಮ್ಯಾನೇಜರ್ ಒಪ್ಪಿಗೆ ಒತ್ತಿದ ಮೇಲೆ ಮತ್ತೆ ಓಡಿಸಿದ. ಪರದೆ ಒಂದೇ ಒಂದು ವಿಳಾಸ ತೋರಿಸಿತು, ಅಳಿಸಿತು, ನಿಂತಿತು.

ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋದ. ಎರಡನೆಯ ಮಹಡಿ, ಕಿರಿದಾದ ಹಜಾರ. ಕಿಟಕಿಯ ಬಳಿ ಮಂಚವಿದ್ದ ಜಾಗ ಖಾಲಿಯಿತ್ತು. ನೆಲದ ಮೇಲೆ ಕಾಲುಗಳ ನಾಲ್ಕು ಗುರುತು ಮಾತ್ರ ಉಳಿದಿತ್ತು. ಅಕ್ಕ ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ.

"ಅಕ್ಕ, ಆ ಮೂವತ್ತೆಂಟನೇದು ನಂದು."

"ಗೊತ್ತು ಕಣೋ. ನಿನ್ನ ಮನೆ ವಿಳಾಸ ಟೈಪ್ ಮಾಡಿದ್ದು ನಾನೇ ಅಲ್ವಾ? ಪಟ್ಟೀಲಿ ಇಲ್ಲ ಅಂತ ಅವತ್ತೇ ಕಂಡ್ತು."

"ಮತ್ತೆ ಯಾಕೆ ಒಪ್ಪಿಗೆ ಕೊಟ್ರಿ?"

"ಮಗು ಇದೆಯಲ್ಲಪ್ಪ ಮನೇಲಿ."

ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಶುರು ಮಾಡಲು ಹೆಣಗುತ್ತಿದ್ದರು. ಅಕ್ಕ ಹೋಗಿ ಕಿಟಕಿ ಮುಚ್ಚಿ ಬಂದರು.

"ನನ್ನದನ್ನ ಬಿಟ್ಟು ನಿಂದೊಂದನ್ನೇ ಉಳಿಸ್ಕೊಂಡೆಯಲ್ಲ, ಅದಕ್ಕೆ ನಂಗೆ ಕೋಪ ಇಲ್ಲ," ಎಂದರು ಅಕ್ಕ. "ಹೆತ್ತೋರು ಹಾಗೇ. ಆದ್ರೆ ಅವತ್ತು ನಿನ್ನ ಹತ್ರ ಬಂದು ಬಾಯಿಬಿಟ್ಟು ಕೇಳಿದ್ನಲ್ಲ, ಆಗ ನೀನು ನಂಗೆ ಕಾನೂನು ಹೇಳ್ದೆ ನೋಡು, ಅದು ಗಂಟಲಲ್ಲೇ ನಿಂತಿದೆ. ಆಗಲ್ಲ ಅಂದಿದ್ರೆ ಸಾಕಿತ್ತು. ಭಯ ಆಗುತ್ತೆ ಅಕ್ಕ ಅಂದಿದ್ರೂ ಸಾಕಿತ್ತು."

ಅವನು ತಪ್ಪಾಯಿತು ಎಂದು ಕೈಮುಗಿಯಲು ಹೋದ. ಅವರು ತಡೆದರು.

"ಬೇಡ. ಕ್ಷಮಿಸಿದೀನಿ ಅಂದ್ರೆ ಸುಳ್ಳಾಗುತ್ತೆ. ಇಲ್ಲ ಅಂದ್ರೆ ನೀನು ಅದನ್ನೇ ಹೊತ್ಕೊಂಡು ತಿರುಗ್ತೀಯ. ಎರಡೂ ನನ್ನ ಬಾಯಲ್ಲಿ ಹೇಳಿಸಬೇಡ. ಇನ್ನು ಹೊರಡು."

ಮನೆಗೆ ಬಂದವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ರೂಲ್ ಬದಲಾಯಿಸಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಮಡಚುತ್ತಿದ್ದ ಸಮವಸ್ತ್ರವನ್ನು ಮಡಿಲಲ್ಲಿಟ್ಟುಕೊಂಡಳು.

"ಒಂದು ಮಾತು ನನ್ನ ಕೇಳಬಾರದಿತ್ತೇನ್ರೀ?" ಎಂದಳು. "ನೀವು ರೂಲ್ ಬದಲಾಯಿಸಿದ ತಿಂಗಳೇ ಹೆರಿಗೆ ವಾರ್ಡಲ್ಲಿ ರಾತ್ರಿ ಪಾಳಿ ಖಾಲಿ ಇತ್ತು. ತಗೋ ತಗೋ ಅಂತ ಹೆಡ್ ಸಿಸ್ಟರ್ ನನ್ನ ಹಿಂದೆ ಬಿದ್ದಿದ್ರು. ಮಧ್ಯಾಹ್ನ ನೀವು ಮನೇಲಿ ಇರ್ತೀರಲ್ಲ ಅಂತ ನಾನೇ ಬೇಡ ಅಂದೆ."

"ಈಗ?"

"ಈಗ ಬೇರೆಯವ್ರು ಬಂದಿದಾರೆ."

ಅವನು ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟ. ಅಳಲು ಹೋದರೆ ಅಳುವೂ ಬರಲಿಲ್ಲ. ಅವಳು ಹತ್ತಿರ ಬಂದು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಸಮವಸ್ತ್ರವನ್ನು ಮತ್ತೆ ಬಿಡಿಸಿ ಮತ್ತೆ ಮಡಚಿದಳು.

ಕೆಳಗಿನ ಮನೆಯ ಅಜ್ಜಿಯೊಬ್ಬರು ಮಧ್ಯಾಹ್ನಗಳಲ್ಲಿ ಪುಟ್ಟಿಯನ್ನು ನೋಡಿಕೊಳ್ಳಲು ಒಪ್ಪಿದರು. ಅವರಿಗೆ ಕಿವಿ ಮಂದ, ಮಂಡಿ ನೋವು. ಫಿಟ್ಸ್ ಬಂದರೆ ಮಗುವನ್ನು ಹೇಗೆ ಮಗ್ಗುಲಿಗೆ ಮಲಗಿಸಬೇಕೆಂದು ಅವನ ಹೆಂಡತಿ ಅವರಿಗೆ ದಿಂಬೊಂದನ್ನು ಮಲಗಿಸಿ ಮೂರು ಸಲ ತೋರಿಸಿಕೊಟ್ಟಳು. ಸೋಮವಾರ ಮಧ್ಯಾಹ್ನ ಒಂದು ಗಂಟೆಯಾದಾಗ ಚಿಲಕ ಕಚೇರಿಯಲ್ಲೇ ಇದ್ದ. ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟು, ಆರು ಗಂಟೆಯವರೆಗೂ ಅದನ್ನೇ ನೋಡುತ್ತ ಕೂತ.